ಎನ್ಸ್‌ಕೆಡೆಯಲ್ಲಿ ಎರಡು ದಿನ: ಗೊತ್ತಿಲ್ಲದ ಊರು, ಮಕ್ಕಳು ಮತ್ತು ನಮ್ಮ ಕನ್ನಡ

ನಮ್ಮ ಮನೆಯ ಕನ್ನಡ ಅಡುಗೆಮನೆ ದಾಟಿಲ್ಲ ಅಂತ ನನಗೆ ಹೊಳೆದದ್ದು ಒಂದು ಪ್ರವಾಸದಲ್ಲಿ.

ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಇಬ್ಬರೂ ಹುಟ್ಟಿದ್ದು ಇಲ್ಲಿಯೇ, ನೆದರ್‌ಲ್ಯಾಂಡ್ಸ್‌ನಲ್ಲಿ. ಮನೆಯಲ್ಲಿ ಮಗಳು ಕನ್ನಡ ಚೆನ್ನಾಗಿಯೇ ಮಾತಾಡುತ್ತಾಳೆ. "ಅಮ್ಮಾ, ಹಸಿವಾಗ್ತಿದೆ", "ತಮ್ಮ ನನ್ನ ಪೆನ್ಸಿಲ್ ಕಿತ್ಕೊಂಡ", "ಇವತ್ತು ತಲೆಸ್ನಾನ ಬೇಡ". ಇಷ್ಟಕ್ಕೆ ಯಾವ ತೊಡಕೂ ಇಲ್ಲ. ಆದರೆ ಕಳೆದ ವರ್ಷ ಒಂದು ದೊಡ್ಡ ಊರಿಗೆ ಎರಡು ದಿನ ಹೋಗಿದ್ದಾಗ ರೈಲು ಹತ್ತಿದ ಮೇಲೆ ಅವಳ ಕನ್ನಡ ನಿಂತೇ ಹೋಯಿತು. ಸೇತುವೆ, ಗೋಪುರ, ಶಿಲ್ಪ ಎಲ್ಲವೂ ಡಚ್ಚಿನಲ್ಲಿ. ನಾವೇನೂ ಕಡಿಮೆಯಿರಲಿಲ್ಲ. ಒಂಬತ್ತು ಜಾಗಗಳ ಪಟ್ಟಿ ಹಿಡಿದುಕೊಂಡು "ಕಮಾನ್, ಫಾಸ್ಟ್, ಲೇಟ್ ಆಗ್ತಿದೆ" ಎನ್ನುತ್ತಾ ಮಕ್ಕಳನ್ನು ಎಳೆದುಕೊಂಡು ಓಡಿದೆವು. ಸಂಜೆಗೆ ಮಗ ರಸ್ತೆಯಲ್ಲೇ ಕೂತು ಅತ್ತ. ಸುಸ್ತಾದವರ ಬಾಯಲ್ಲಿ ಸುಲಭದ ಭಾಷೆಯೇ ಬರುತ್ತದೆ. ನಮಗೆ ಇಂಗ್ಲಿಷ್, ಮಕ್ಕಳಿಗೆ ಡಚ್.

ವಾಪಸ್ ಬಂದ ಭಾನುವಾರ ಎಂದಿನಂತೆ ದಾವಣಗೆರೆಗೆ ವಿಡಿಯೊ ಕಾಲ್ ಮಾಡಿದೆವು. ನಮ್ಮ ಅಪ್ಪಾಜಿ ಕೇಳಿದರು, "ಊಟ ಆತೇನು ಪುಟ್ಟಿ?" "ಆಯ್ತು ಅಜ್ಜಾ." "ಊರು ಹೆಂಗಿತ್ತು?" "ಚೆನ್ನಾಗಿತ್ತು." ಅಷ್ಟೇ. ಫೋನು ನನ್ನ ಕೈಗೆ ಬಂತು. ಎರಡು ದಿನ ಕಂಡದ್ದರಲ್ಲಿ ಒಂದನ್ನೂ ಅಜ್ಜನಿಗೆ ಹೇಳುವಷ್ಟು ಕನ್ನಡ ಅವಳ ಬಳಿ ಇರಲಿಲ್ಲ. ಮನಸ್ಸಿಲ್ಲ ಅಂತಲ್ಲ, ಪದಗಳೇ ಇಲ್ಲ. ಆ ಪದಗಳನ್ನು ಕೊಡಬೇಕಾಗಿದ್ದವರು ನಾವು. ನಾವು ಆಗ ಗೂಗಲ್ ಮ್ಯಾಪ್ ನೋಡುತ್ತಿದ್ದೆವು.

ಹಾಗಾಗಿ ಈ ಸಲ ಎನ್ಸ್‌ಕೆಡೆಗೆ ಹೋಗುವಾಗ ತಯಾರಿಯ ಕ್ರಮವನ್ನೇ ಬದಲಿಸಿದೆವು. ಅದರಲ್ಲಿ ಏನು ಕೆಲಸಕ್ಕೆ ಬಂತು ಎಂಬುದನ್ನು ಇಲ್ಲಿ ಹೇಳುತ್ತೇನೆ. ನೀವು ಹೋಗುವ ಊರು ಬೇರೆಯಾದರೂ ಅಡ್ಡಿಯಿಲ್ಲ.

ಊರು ಆರಿಸುವಾಗ: ಒಂದು ಎಳೆ ಸಾಕು

ಎನ್ಸ್‌ಕೆಡೆ ಪ್ರವಾಸಿಗರು ಮುಗಿಬೀಳುವ ಊರಲ್ಲ. ದೇಶದ ಪೂರ್ವ ತುದಿಯಲ್ಲಿ, ಟ್ವೆಂಟೆ ಎನ್ನುವ ಸೀಮೆಯಲ್ಲಿ, ಜರ್ಮನಿಯ ಗಡಿಗೆ ಅಂಟಿಕೊಂಡಿದೆ. ಜನಸಂಖ್ಯೆ ಸುಮಾರು 1.6 ಲಕ್ಷ. ನಡೆದೇ ಮುಗಿಸಬಹುದಾದ ಪೇಟೆ. ಚಿಕ್ಕ ಮಕ್ಕಳಿರುವವರಿಗೆ ಇದೇ ದೊಡ್ಡ ಅನುಕೂಲ.

ನಾನು ಇದನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಇದು ಹತ್ತಿ ಬಟ್ಟೆಯ ಊರು. 1830ರಲ್ಲಿ ಬೆಲ್ಜಿಯಂ ಬೇರೆಯಾದಾಗ ಡಚ್ಚರ ಕೈಯಿಂದ ಅಲ್ಲಿನ ಬಟ್ಟೆ ಕಾರ್ಖಾನೆಗಳು ಹೋದವು. ಜಾವಾದಂತಹ ವಸಾಹತುಗಳಲ್ಲಿ ಮಾರಲು ಬಟ್ಟೆ ಬೇಕಿತ್ತು. ಟ್ವೆಂಟೆಯ ರೈತರ ಮನೆಗಳಲ್ಲಿ ಮೊದಲಿನಿಂದಲೂ ಮಗ್ಗಗಳಿದ್ದವು. 1833ರಲ್ಲಿ ಥಾಮಸ್ ಏನ್ಸ್‌ವರ್ತ್ ಎಂಬ ಇಂಗ್ಲಿಷಿನವನು ಹತ್ತಿರದ ಖೋರ್ ಎಂಬ ಊರಿನಲ್ಲಿ ನೇಯ್ಗೆ ಶಾಲೆ ತೆರೆದು ಹೊಸ ಬಗೆಯ ಲಾಳಿ ಬಳಸುವುದನ್ನು ಕಲಿಸಿದ. ಮುಂದೆ ಹಬೆ ಯಂತ್ರಗಳು ಬಂದವು, ಎನ್ಸ್‌ಕೆಡೆಯ ಸುತ್ತ ಮಿಲ್ಲುಗಳು ಎದ್ದವು. 1960ರ ದಶಕದಲ್ಲಿ ಕೆಲಸಕ್ಕಾಗಿ ಸ್ಪೇನ್, ಇಟಲಿ, ಟರ್ಕಿಗಳಿಂದಲೂ ಜನ ಬಂದರು. ಅದೇ ಹೊತ್ತಿಗೆ ಅಗ್ಗದ ಬಟ್ಟೆಯ ಪೈಪೋಟಿ ತಾಳಲಾರದೆ ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿದವು.

ಇದನ್ನು ಓದುವಾಗ ನನಗೆ ಕಣ್ಣ ಮುಂದೆ ಬಂದದ್ದು ದಾವಣಗೆರೆ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಮಿಲ್ಲಿನ ಸೈರನ್ನಿಗೆ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಊರು. ಅಲ್ಲಿಯೂ ಮಿಲ್ಲುಗಳು ಮುಚ್ಚಿದವು. ನಮ್ಮ ಅಪ್ಪಾಜಿ ಅಂಥದ್ದೇ ಒಂದು ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಪಾಳಿ ಮಾಡಿದವರು. ಮಕ್ಕಳಿಗೆ ಅದು ಗೊತ್ತೇ ಇರಲಿಲ್ಲ.

ಮೊದಲ ಸಲಹೆ ಇದು. ಗೊತ್ತಿಲ್ಲದ ಊರಿಗೆ ಹೋಗುವ ಮುನ್ನ ಅದಕ್ಕೂ ನಿಮ್ಮ ಮನೆಗೂ ನಡುವೆ ಒಂದೇ ಒಂದು ಎಳೆ ಹುಡುಕಿ. ಮೀನುಗಾರಿಕೆಯ ಊರಾದರೆ ಮಲ್ಪೆ, ಗಣಿಯ ಊರಾದರೆ ಕೋಲಾರ, ಕಾಗದದ ಊರಾದರೆ ಭದ್ರಾವತಿ ಅಥವಾ ದಾಂಡೇಲಿ. ಆ ಎಳೆ ಸಿಕ್ಕರೆ ಮಕ್ಕಳಿಗೆ ಹೇಳಲು ಕನ್ನಡದಲ್ಲೇ ಒಂದು ಕಥೆ ಸಿಕ್ಕಂತೆ.

ಎರಡು ದಿನಕ್ಕೆ ನಾಲ್ಕೇ ಜಾಗ

ಅರ್ಧ ದಿನಕ್ಕೆ ಒಂದೇ ಜಾಗ. ಇದು ನಮ್ಮ ಹೊಸ ನಿಯಮ. ನಾಲ್ಕು ಜನ, ನಾಲ್ಕು ಅರ್ಧ ದಿನ, ಆಯ್ಕೆ ತಲಾ ಒಂದು. ಊಟದ ಮೇಜಿನ ಮೇಲೆ ಎ4 ಹಾಳೆ ಹಾಕಿ ಮಗಳ ಕೈಗೆ ಪೆನ್ನು ಕೊಟ್ಟೆವು. ಅವಳು ಕನ್ನಡ ಅಕ್ಷರ ಕಲಿಯುತ್ತಿರುವುದು ಶನಿವಾರದ ತರಗತಿಯಲ್ಲಿ. ಅಲ್ಲಿನ "ಅಗಸ, ಆಡು" ಬರೆಯುವುದೆಂದರೆ ಅವಳಿಗೆ ಬೇಸರ. ಆದರೆ ತನ್ನದೇ ಪ್ರವಾಸದ ಪಟ್ಟಿ ಬರೆಯುವುದೆಂದರೆ ಹುರುಪು. "ಸಂತೆ" ಅಂತ ಬರೆಯಲು ತ-ಗೆ ಸೊನ್ನೆ ಹಿಂದೆ ಬರುತ್ತೋ ಮುಂದೆ ಬರುತ್ತೋ ಅಂತ ನಾಲ್ಕು ಸಲ ಕೇಳಿದಳು. ಕೊನೆಗೆ ಪಟ್ಟಿ ಹೀಗಾಯಿತು: ಸಂತೆ (ಅಪ್ಪ), ಮಗ್ಗದ ಮ್ಯೂಸಿಯಂ (ಅಮ್ಮ), ಮುಳುಗಿದ ಗೋಪುರ (ಅವಳು), ಜರ್ಮನಿ ರೈಲು (ತಮ್ಮ).

ದಿನ ಆರಿಸುವಾಗ ಮೂರು ವಿಷಯ ನೋಡಿಕೊಳ್ಳಿ.

ಒಂದು, ಎನ್ಸ್‌ಕೆಡೆಯ ದೊಡ್ಡ ಸಂತೆ ನಡೆಯುವುದು ಮಂಗಳವಾರ ಮತ್ತು ಶನಿವಾರ.

ಎರಡು, ಈ ದೇಶದಲ್ಲಿ ಬಹಳಷ್ಟು ಮ್ಯೂಸಿಯಂಗಳು ಸೋಮವಾರ ಮುಚ್ಚಿರುತ್ತವೆ. ಶನಿವಾರ-ಭಾನುವಾರದ ಜೋಡಿಯೇ ವಾಸಿ.

ಮೂರು, ಗಡಿಯ ಊರಾದ್ದರಿಂದ ಜರ್ಮನಿಯ ರಜಾದಿನಗಳನ್ನೂ ನೋಡಿ. ಅಕ್ಟೋಬರ್ 3, ನವೆಂಬರ್ 1, ಗುಡ್ ಫ್ರೈಡೇ – ಈ ದಿನಗಳಲ್ಲಿ ಗಡಿಯಾಚೆ ಅಂಗಡಿಗಳಿಗೆ ರಜೆ, ಇಲ್ಲಿ ತೆರೆದಿರುತ್ತವೆ. ಆಗ ಊರಿನ ತುಂಬ ಜರ್ಮನ್ ಕಾರುಗಳು. ಹೋಟೆಲು, ಪಾರ್ಕಿಂಗ್ ಎರಡಕ್ಕೂ ಪರದಾಟ.

ರೈಲಿನಲ್ಲಿ

ಆಮ್‌ಸ್ಟರ್‌ಡ್ಯಾಮ್ ಕಡೆಯಿಂದ ಇಂಟರ್‌ಸಿಟಿ ರೈಲಿಗೆ ಎರಡು ಗಂಟೆಯ ಆಸುಪಾಸು. ಆಮರ್ಸ್‌ಫೋರ್ಟ್, ಅಪೆಲ್‌ಡೋರ್ನ್, ಡೆವೆಂಟರ್, ಅಲ್ಮೆಲೊ, ಹೆಂಗೆಲೊ ದಾಟಿದರೆ ಕೊನೆಯ ನಿಲ್ದಾಣವೇ ಎನ್ಸ್‌ಕೆಡೆ. ನಿದ್ದೆ ಹೋದರೂ ಊರು ತಪ್ಪುವ ಭಯವಿಲ್ಲ. ವಾರಾಂತ್ಯದಲ್ಲಿ ಹಳಿ ದುರಸ್ತಿ ಇಟ್ಟುಕೊಳ್ಳುವುದು ಇಲ್ಲಿ ಸಾಮಾನ್ಯ, ಆದ್ದರಿಂದ ಹಿಂದಿನ ರಾತ್ರಿ ಒಮ್ಮೆ ಎನ್‌ಎಸ್ ಆ್ಯಪ್ ನೋಡಿಕೊಳ್ಳಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. 4ರಿಂದ 11 ವರ್ಷದವರಿಗೆ ರೇಲ್‌ರನ್ನರ್ ಎನ್ನುವ ಅಗ್ಗದ ದಿನದ ಟಿಕೆಟ್ ಇದೆ. ದೊಡ್ಡವರು ಬ್ಯಾಂಕ್ ಕಾರ್ಡಿನಲ್ಲೇ ಚೆಕ್-ಇನ್ ಮಾಡಬಹುದು. ಇಳಿದಾಗ ಚೆಕ್-ಔಟ್ ಮರೆಯಬೇಡಿ, ಮತ್ತು ಎರಡೂ ಸಲ ಅದೇ ಕಾರ್ಡು ತೋರಿಸಿ. ಫೋನಿನಲ್ಲಿರುವ ಕಾರ್ಡು ಒಂದು, ಪರ್ಸಿನಲ್ಲಿರುವ ಕಾರ್ಡು ಇನ್ನೊಂದು ಅಂತ ಲೆಕ್ಕ.

ಎರಡು ಗಂಟೆಯ ರೈಲಿಗೆ ಐಪ್ಯಾಡ್ ಬೇಡವೆಂದು ನಾನು ಹೇಳುವುದಿಲ್ಲ. ಮೊದಲ ಒಂದು ಗಂಟೆ ಬೇಡ, ಅಷ್ಟೇ. ಆ ಒಂದು ಗಂಟೆಗೆ ಡಬ್ಬಿ ತುಂಬ ಖಾರ ಮಂಡಕ್ಕಿ, ಮತ್ತು ಒಂದು ಆಟ. ಕಿಟಕಿಯಾಚೆ ಕಂಡದ್ದನ್ನು ಕನ್ನಡದಲ್ಲಿ ಹೇಳಬೇಕು, ಪದ ಗೊತ್ತಿಲ್ಲದಿದ್ದರೆ ಬಣ್ಣಿಸಬೇಕು. ಗಾಳಿಯಂತ್ರಕ್ಕೆ ಮಗ "ಗಾಳಿ ಫ್ಯಾನ್ ಅಜ್ಜ" ಅಂದ. ತಿದ್ದಲಿಲ್ಲ. ನಮ್ಮ ಮನೆಯಲ್ಲಿ ಈಗ ಅದರ ಹೆಸರೇ ಅದು. ಡೆವೆಂಟರ್ ಹತ್ತಿರ ಐಸೆಲ್ ನದಿ ದಾಟುವಾಗ ಅಪ್ಪ "ಹೊಳೆ" ಅಂದರು, ನಾನು "ನದಿ" ಅಂದೆ. ಯಾವುದು ಸರಿ ಅಂತ ಮಕ್ಕಳು ಕೇಳಿದರು. ಎರಡೂ ಸರಿ ಅಂತ ತಿಳಿದಾಗ ಅವರಿಗೆ ಆಶ್ಚರ್ಯ.

ಸಂತೆಯಲ್ಲಿ: "ಮೊಯ್!"

ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಎಚ್. ಜೆ. ವಾನ್ ಹೇಕ್‌ಪ್ಲೇನ್ ಎಂಬ ದೊಡ್ಡ ಚೌಕ. ವಾನ್ ಹೇಕ್ ಅಂದರೆ ಮಿಲ್ಲುಗಳನ್ನು ಕಟ್ಟಿದ ಮನೆತನ. ಊರಿನ ಚೌಕ, ಪಾರ್ಕು, ಮ್ಯೂಸಿಯಂ ಎಲ್ಲ ಕಡೆಯೂ ಆ ಹೆಸರು ಎದುರಾಗುತ್ತದೆ. ಶನಿವಾರದ ಸಂತೆ ಇಲ್ಲಿಯೇ. ತರಕಾರಿ, ಚೀಸು, ಹೂವು, ಬಟ್ಟೆ ತುಂಡುಗಳು, ಬಿಸಿ ಸ್ಟ್ರೂಪ್‌ವಾಫೆಲ್. ಕೊತ್ತಂಬರಿ ಸೊಪ್ಪು ದೊಡ್ಡ ಕಟ್ಟಿನಲ್ಲಿ ಸಿಕ್ಕಿದ್ದು ನೋಡಿ ಅಪ್ಪನ ಮುಖ ಅರಳಿತು. ಗಿರಾಕಿಗಳಲ್ಲಿ ಅರ್ಧದಷ್ಟು ಜನ ಜರ್ಮನ್ ಮಾತಾಡುತ್ತಿದ್ದರು. ಅಂಗಡಿಯವರು ಮುಖ ನೋಡಿಯೇ ಭಾಷೆ ಬದಲಿಸುತ್ತಿದ್ದರು.

ಇಲ್ಲಿ ಮಗಳಿಗೆ ಒಂದು ಜವಾಬ್ದಾರಿ ಕೊಟ್ಟಿದ್ದೆವು. ಹತ್ತು ಯೂರೊ ಅವಳ ಕೈಯಲ್ಲಿ. ಏನು ಕೊಳ್ಳಬೇಕೆಂದು ಅವಳು ಡಚ್ಚಿನಲ್ಲಿ ಕೇಳಿ, ನಮಗೆ ಕನ್ನಡದಲ್ಲಿ ವರದಿ ಒಪ್ಪಿಸಬೇಕು. ನಿಜ ಹೇಳುತ್ತೇನೆ, ನನ್ನ ಡಚ್ ಅವಳಿಗಿಂತ ಕೆಳಗಿದೆ. ಹೊರಗಡೆ ಅವಳು ನನ್ನ ತಪ್ಪು ತಿದ್ದಿದಾಗ ನನಗೆ ಒಳಗೊಳಗೇ ಮುಜುಗರ. ನಿಮಗೂ ಆಗಿರಬಹುದು. ಆ ಮುಜುಗರದಲ್ಲಿ ನಾವು ಇಂಗ್ಲಿಷಿಗೆ ಹಾರುತ್ತೇವೆ, ಮಗು ಅದನ್ನು ಗಮನಿಸುತ್ತದೆ. ಅದಕ್ಕಿಂತ ಮಗುವನ್ನೇ ದುಭಾಷಿ ಮಾಡುವುದು ಒಳ್ಳೆಯದು. ಒಂದು ಎಚ್ಚರಿಕೆ ಮಾತ್ರ ಇರಲಿ. ಸಂತೆ, ಬೇಕರಿ, ಬಸ್ಸಿನ ದಾರಿ ಕೇಳುವುದು – ಇಂಥವು ಸರಿ. ಡಾಕ್ಟರ್, ಬ್ಯಾಂಕು, ಜಗಳ – ಇವು ದೊಡ್ಡವರ ಕೆಲಸ. ಮಗುವಿನ ತಲೆಗೆ ಕಟ್ಟಬಾರದು.

ತರಕಾರಿ ಅಂಗಡಿಯ ಅಜ್ಜಿ ಅವಳಿಗೆ "ಮೊಯ್!" ಅಂದರು. ಮಗಳು ತಿರುಗಿ, "ಅಮ್ಮಾ, ಇದು ಡಚ್ ಅಲ್ಲ" ಅಂದಳು. ಅವಳ ಮಾತಿನಲ್ಲಿ ಸತ್ಯವಿದೆ. ಅದು ಟ್ವೆಂಟ್ಸ್, ಈ ಸೀಮೆಯ ಮಾತು. ಡಚ್ಚಿನ ಹಳ್ಳಿ ರೂಪ ಅಂತ ಅನೇಕರು ತಿಳಿಯುತ್ತಾರೆ. ಆದರೆ ಅದು ಲೋ ಸ್ಯಾಕ್ಸನ್ ಗುಂಪಿಗೆ ಸೇರಿದ್ದು. ಗಡಿಯಾಚೆಯ ಜರ್ಮನ್ ಹಳ್ಳಿಗಳ ಹಳೆಯ ಮಾತಿಗೂ ಇದಕ್ಕೂ ನೆಂಟಸ್ತಿಕೆ. ಪ್ರಾದೇಶಿಕ ಮತ್ತು ಅಲ್ಪಸಂಖ್ಯಾತ ಭಾಷೆಗಳ ಯುರೋಪಿಯನ್ ಒಡಂಬಡಿಕೆಯಡಿ ನೆದರ್‌ಲ್ಯಾಂಡ್ಸ್ ಈ ಲೋ ಸ್ಯಾಕ್ಸನ್ನಿಗೆ ಮಾನ್ಯತೆಯನ್ನೂ ಕೊಟ್ಟಿದೆ. "ಮೊಯ್" ಅಂದರೆ ನಮಸ್ಕಾರ, ಹೊರಡುವಾಗ "ಗೋಡ್‌ಗೋನ್".

ಮಗಳು ಆ ಅಜ್ಜಿಯನ್ನು ಕೇಳಿಯೇ ಬಿಟ್ಟಳು, ನಿಮ್ಮ ಮಕ್ಕಳೂ ಹೀಗೇ ಮಾತಾಡ್ತಾರಾ ಅಂತ. ಅವಳು ನಮಗೆ ಒಪ್ಪಿಸಿದ ವರದಿ ಹೀಗಿತ್ತು: "ಅಜ್ಜಿ ಮಕ್ಕಳಿಗೆ ಅರ್ಥ ಆಗತ್ತಂತೆ, ಆದ್ರೆ ಮಾತಾಡಲ್ವಂತೆ. ಮೊಮ್ಮಕ್ಕಳಿಗೆ ಮೊಯ್ ಒಂದೇ ಗೊತ್ತಂತೆ. ಸ್ಕೂಲಲ್ಲಿ ಕಷ್ಟ ಆಗತ್ತೆ ಅಂತ ಅಜ್ಜಿನೇ ಡಚ್ ಮಾತಾಡಿದ್ರಂತೆ." ಒಂದು ಕ್ಷಣ ಸುಮ್ಮನಿದ್ದು, "ಈಗ ಬೇಜಾರಂತೆ" ಅಂದಳು.

ನಾನು ಉಪದೇಶ ಮಾಡಲು ಹೋಗಲಿಲ್ಲ. ಆ ಅಜ್ಜಿ ಹೇಳಿದ್ದು ಸಾಕಿತ್ತು. ತನ್ನದೇ ನೆಲದಲ್ಲಿ, ತನ್ನದೇ ಜನರ ನಡುವೆ ಒಂದು ಮಾತು ಹೀಗೆ ಮೂರು ತಲೆಮಾರಿನಲ್ಲಿ ಒಂದು ನಮಸ್ಕಾರಕ್ಕೆ ಇಳಿಯಬಹುದಾದರೆ, ಏಳೂವರೆ ಸಾವಿರ ಕಿಲೋಮೀಟರು ದೂರದ ನಮ್ಮ ಮನೆಯ ಕನ್ನಡದ ಗತಿಯೇನು ಅಂತ ಕೊತ್ತಂಬರಿ ಸೊಪ್ಪು ಚೀಲಕ್ಕೆ ಹಾಕುವಾಗ ಅನ್ನಿಸಿತು.

ಮಗ್ಗದ ಮುಂದೆ

ಮಧ್ಯಾಹ್ನ ಹೋದದ್ದು ರೋಂಬೇಕ್ ಬಡಾವಣೆಯ "ದ ಮ್ಯೂಸಿಯಂಫಾಬ್ರೀಕ್"ಗೆ. ಊರಿನ ಜವಳಿ ಮ್ಯೂಸಿಯಂ, ನಿಸರ್ಗ ಮ್ಯೂಸಿಯಂ ಮತ್ತು ಸೀಮೆಯ ಸಂಸ್ಕೃತಿ ಸಂಗ್ರಹ ಮೂರನ್ನೂ ಸೇರಿಸಿ, ಹಳೆಯ ಜವಳಿ ಕಾರ್ಖಾನೆಯ ಕಟ್ಟಡದಲ್ಲಿ 2008ರಲ್ಲಿ ತೆರೆದದ್ದು. ಹೆಸರು ಆಮೇಲೆ ಬದಲಾಯಿತು. ಮಕ್ಕಳಿಗೆ ಹೇಳಿಮಾಡಿಸಿದ ಜಾಗ. ಚಿತ್ರಕಲೆಯಲ್ಲಿ ಆಸಕ್ತಿಯಿದ್ದರೆ ಹತ್ತಿರದಲ್ಲೇ ರೈಕ್ಸ್‌ಮ್ಯೂಸಿಯಂ ಟ್ವೆಂಟೆ ಇದೆ. ಜವಳಿ ದೊರೆಯೊಬ್ಬರ ಸಂಗ್ರಹದಿಂದ ಶುರುವಾಗಿ 1930ರಲ್ಲಿ ತೆರೆದದ್ದು. ಅಲ್ಲಿ ಕ್ರಾನಾಕ್, ಮೋನೆ ಇಬ್ಬರ ಚಿತ್ರಗಳೂ ಇವೆ. ನಮ್ಮ ನಿಯಮ ಅರ್ಧ ದಿನಕ್ಕೊಂದೇ ಜಾಗ, ಹಾಗಾಗಿ ಅದನ್ನು ಬಿಟ್ಟೆವು.

ಹೊರಡುವ ವಾರ ನಾನು ಐದೇ ಪದಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ: ಮಗ್ಗ, ನೂಲು, ಲಾಳಿ, ಹಾಸು, ಹೊಕ್ಕು. ಇವು ನನಗೂ ಪೂರ್ತಿ ಗೊತ್ತಿರಲಿಲ್ಲ. ಅಪ್ಪಾಜಿಗೆ ಫೋನ್ ಮಾಡಿ ಕೇಳಿದ್ದೆ. ಉದ್ದಕ್ಕೆ ಬಿಗಿದು ಕಟ್ಟಿದ ನೂಲು ಹಾಸು. ಅಡ್ಡಕ್ಕೆ ನುಗ್ಗುವ ನೂಲು ಹೊಕ್ಕು. ಹೊಕ್ಕನ್ನು ಹೊತ್ತು ಆ ಕಡೆಯಿಂದ ಈ ಕಡೆಗೆ ಓಡುವ ದೋಣಿಯಂಥದ್ದು ಲಾಳಿ.

ಮಗ್ಗದ ಮುಂದೆ ನಿಂತು ಇದನ್ನು ಹೇಳಿದಾಗ ಮಗಳು, "ಓ! ಸ್ಖೇರಿಂಗ್ ಎನ್ ಇನ್‌ಸ್ಲಾಖ್!" ಅಂದಳು. ಅವಳ ಟೀಚರ್ ಬಳಸುವ ನುಡಿಗಟ್ಟು. ಯಾರಾದರೂ ದಿನಾ ತಡವಾಗಿ ಬಂದರೆ, ಇದು ಯಾವಾಗಲೂ ಇದ್ದದ್ದೇ ಎನ್ನುವ ಅರ್ಥದಲ್ಲಿ ಡಚ್ಚರು ಹಾಗೆನ್ನುತ್ತಾರೆ. ಪದಶಃ ಅದು ಹಾಸು ಮತ್ತು ಹೊಕ್ಕು. ಕನ್ನಡದಲ್ಲೂ "ಹಾಸುಹೊಕ್ಕು" ಅಂತೀವಿ, ಒಂದರೊಳಗೊಂದು ಬೆರೆತುಹೋಗಿದೆ ಅನ್ನಲು ಅಂತ ನಾನು ಹೇಳಿದೆ. ಎರಡು ಭಾಷೆಯವರೂ ಒಂದೇ ಮಗ್ಗ ನೋಡಿ ಬೇರೆ ಬೇರೆ ಅರ್ಥ ಮಾಡಿಕೊಂಡರಲ್ಲ ಅಂತ ಅವಳಿಗೆ ಬಹಳ ಮೋಜೆನಿಸಿತು. ಅವತ್ತು ಸಂಜೆವರೆಗೂ ಎಲ್ಲದಕ್ಕೂ ಹಾಸುಹೊಕ್ಕು: "ಅಮ್ಮಾ, ನನ್ನ ಕೂದಲು ಹಾಸುಹೊಕ್ಕಾಗಿದೆ."

ಯಾವ ಮ್ಯೂಸಿಯಂಗೆ ಹೋದರೂ ಹೀಗೆ ಐದೇ ಪದ ಒಯ್ಯಿರಿ. ಹತ್ತು ಬೇಡ, ಪಾಠವಾಗಿಬಿಡುತ್ತದೆ. ಗೊತ್ತಿಲ್ಲದಿದ್ದರೆ ಊರಿಗೆ ಫೋನ್ ಮಾಡಿ ಕೇಳಿ. ಕೇಳಿದವರಿಗೂ ಖುಷಿ.

ಒಂದು ಕಷ್ಟದ ಮಾತು

ರೋಂಬೇಕ್ ನೋಡಲು ಹೊಚ್ಚ ಹೊಸ ಬಡಾವಣೆಯಂತಿದೆ. ಒಂದೊಂದು ಮನೆಯೂ ಒಂದೊಂದು ಥರ. ಅದಕ್ಕೆ ಕಾರಣವಿದೆ. 2000ದ ಮೇ 13, ಶನಿವಾರ ಮಧ್ಯಾಹ್ನ ಇಲ್ಲಿದ್ದ ಪಟಾಕಿ ಗೋದಾಮು ಸ್ಫೋಟಿಸಿತು. ನಾಲ್ವರು ಅಗ್ನಿಶಾಮಕರೂ ಸೇರಿ 23 ಜನ ಸತ್ತರು, ಸುಮಾರು 950 ಜನ ಗಾಯಗೊಂಡರು, 200ರಷ್ಟು ಮನೆಗಳು ಪೂರ್ತಿ ನಾಶವಾದವು. ನಂತರ ಅಲ್ಲಿಯೇ ಇದ್ದ ನಿವಾಸಿಗಳ ಅಭಿಪ್ರಾಯ ಕೇಳುತ್ತಾ, ವಾಸ್ತುಶಿಲ್ಪಿ ಪಿ ಡೆ ಬ್ರೌನ್ ಅವರ ಯೋಜನೆಯಂತೆ ಇಡೀ ಬಡಾವಣೆಯನ್ನು ಮತ್ತೆ ಕಟ್ಟಿದರು. ಸತ್ತವರ ನೆನಪಿಗೆ ಒಂದು ಸ್ಮಾರಕವಿದೆ.

ಮಕ್ಕಳಿಗೆ ಹೇಳಬೇಕೋ ಬೇಡವೋ? ನಾವು ಮೊದಲೇ ಮಾತಾಡಿಕೊಂಡಿದ್ದೆವು: ಮಗನಿಗೆ ಬೇಡ, ಮಗಳು ಕೇಳಿದರೆ ಹೇಳೋಣ. ಸ್ಮಾರಕದ ಫಲಕ ಓದಿದ ಮೇಲೆ ಅವಳು ಕೇಳದೆ ಬಿಡುತ್ತಾಳೆಯೇ? ತಮ್ಮನನ್ನು ಅಪ್ಪ ಪಾರ್ಕಿನ ಜಾರುಬಂಡೆಗೆ ಕರೆದುಕೊಂಡು ಹೋದರು.

ಹೇಳಲು ಹೊರಟಾಗ ನನಗೇ ತಡವರಿಕೆ. ಇಂಥ ವಿಷಯಕ್ಕೆ ನಾನು ತಾನಾಗಿಯೇ ಇಂಗ್ಲಿಷಿಗೆ ಜಾರುತ್ತೇನೆ. ದುಃಖದ ಸಂಗತಿ, ಗಂಭೀರ ಸಂಗತಿ ಬಂದಾಗಲೆಲ್ಲ ನಾವು ಭಾಷೆ ಬದಲಿಸಿದರೆ, ಕನ್ನಡ ಇರುವುದು ಊಟ-ನಿದ್ದೆಗೆ ಮಾತ್ರ ಅಂತ ಮಗು ತಿಳಿಯುತ್ತದೆ. ಹಾಗಾಗಿ ನಿಧಾನವಾಗಿ ಕನ್ನಡದಲ್ಲೇ ಹೇಳಿದೆ. "ಸ್ಫೋಟ ಅಂದ್ರೆ?" ಅಂದಳು. ವಿವರಿಸಿದೆ. ನಮ್ಮಲ್ಲೂ 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹತ್ತಿರ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಕೆಲಸಕ್ಕೆ ಬಂದಿದ್ದ ಹುಡುಗರು ಸತ್ತರು ಅಂತಲೂ ಹೇಳಿದೆ. "ಮನೆಗಳ ಮಧ್ಯ ಯಾಕೆ ಇಟ್ಟಿದ್ರು?" ಅಂತ ಕೇಳಿದಳು. ಈ ದೇಶವೂ ಅದನ್ನೇ ಕೇಳಿತು. ಅನುಮತಿಗಿಂತ ಹೆಚ್ಚಿನ, ಹೆಚ್ಚು ಅಪಾಯದ ಸರಕು ಅಲ್ಲಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು, ಪಟಾಕಿ ದಾಸ್ತಾನಿನ ನಿಯಮಗಳು ಬಿಗಿಯಾದವು. ಬೆಂಕಿ ಹೇಗೆ ಹೊತ್ತಿತು ಎಂಬುದು ಮಾತ್ರ ಕೊನೆಗೂ ಖಚಿತವಾಗಲಿಲ್ಲ.

ಇಷ್ಟು ಮಾತು ನಮ್ಮಿಬ್ಬರ ನಡುವೆ ಕನ್ನಡದಲ್ಲಿ ನಡೆದದ್ದು ಅದೇ ಮೊದಲು. ನಡುನಡುವೆ ಡಚ್ ಪದ ಬಂದವು, ಬರಲಿ. ಕೊನೆಗೆ ಅವಳು ನನ್ನ ಕೈ ಹಿಡಿದುಕೊಂಡು ನಡೆದಳು.

ಮುಳುಗಿದ ಗೋಪುರ, ಗಡಿ ದಾಟುವ ರೈಲು

ಭಾನುವಾರ ಬೆಳಿಗ್ಗೆ ಮಗಳ ಆಯ್ಕೆ. ಟ್ವೆಂಟೆ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಊರಿನ ಹೊರಗೆ, ಹೆಂಗೆಲೊ ದಾರಿಯಲ್ಲಿ, ಕಾಡಿನಂಥ ಜಾಗದಲ್ಲಿದೆ. ನಿಲ್ದಾಣದಿಂದ ಬಸ್ಸು ಸಿಗುತ್ತದೆ. ಜವಳಿ ಕುಸಿಯುತ್ತಿದ್ದ ಸೀಮೆಗೆ ಹೊಸ ಬದುಕು ಬೇಕೆಂದು 1961ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯ. ಭೂಮಾಪನ, ಉಪಗ್ರಹ ಚಿತ್ರ ಓದುವುದನ್ನು ಕಲಿಸುವ ಐಟಿಸಿ ಸಂಸ್ಥೆ ಇದರ ಭಾಗ. ಡೆಹ್ರಾಡೂನಿನಲ್ಲಿರುವ ನಮ್ಮ ದೂರಸಂವೇದಿ ಸಂಸ್ಥೆ 1966ರಲ್ಲಿ ಶುರುವಾದದ್ದು ಈ ಐಟಿಸಿಯ ಮಾದರಿಯಲ್ಲೇ, ಡಚ್ಚರ ಸಹಕಾರದಿಂದ. ಕ್ಯಾಂಪಸ್ಸಿನಲ್ಲಿ ಭಾರತದ ವಿದ್ಯಾರ್ಥಿಗಳ ಮುಖ ಕಾಣುವುದು ಆಶ್ಚರ್ಯವಲ್ಲ.

ಅಲ್ಲಿನ ಕೊಳವೊಂದರ ನಡುವೆ ಚರ್ಚಿನ ಗೋಪುರದ ತುದಿ ಮಾತ್ರ ನೀರಿನಿಂದ ಮೇಲೆ ಎದ್ದಿದೆ. ಕೆಳಗೆ ಚರ್ಚು ಏನೂ ಇಲ್ಲ. ವಿಮ್ ಟಿ. ಸ್ಖಿಪರ್ಸ್ ಎಂಬ ಕಲಾವಿದ 1979ರಲ್ಲಿ ಮಾಡಿದ ತಮಾಷೆ. ಮಗ ಅದನ್ನು ನಂಬಲಿಲ್ಲ. ಕೆಳಗೆ ಒಂದು ಊರೇ ಇದೆ ಅಂತ ವಾದ. ನಾನು ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚಿನ ಫೋಟೊ ತೋರಿಸಿದೆ. ಹೇಮಾವತಿ ಜಲಾಶಯ ತುಂಬಿದಾಗ ಅದು ನಿಜವಾಗಿಯೂ ನೀರಿನಲ್ಲಿ ಅರ್ಧ ಮುಳುಗುತ್ತದೆ. ಕೊಳದ ದಂಡೆಯಲ್ಲಿ ಕೂತು ಚಪಾತಿ-ಚಟ್ನಿಪುಡಿ ತಿನ್ನುತ್ತಾ ಅಕ್ಕ-ತಮ್ಮ ಸೇರಿ ನೀರೊಳಗಿನ ಊರಿನ ಕಥೆ ಕಟ್ಟಿದರು. ಅರ್ಧ ಕನ್ನಡ, ಅರ್ಧ ಡಚ್. ಮೀನುಗಳು ಮಾತ್ರ ಪೂರ್ತಿ ಕನ್ನಡದವು.

ಮಧ್ಯಾಹ್ನ ಮಗನ ರೈಲು. ಎನ್ಸ್‌ಕೆಡೆಯಿಂದ ಜರ್ಮನಿಯ ಗ್ರೋನೌ ಊರಿಗೆ ಹದಿನೈದು ನಿಮಿಷವೂ ಬೇಡ. "ಬೇರೆ ದೇಶಕ್ಕೆ ಹೋಗಿ ಐಸ್‌ಕ್ರೀಂ ತಿಂದು ಬಂದೆ" ಅಂತ ಶಾಲೆಯಲ್ಲಿ ಹೇಳಿಕೊಳ್ಳಲು ಐದು ವರ್ಷದವನಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಟಿಕೆಟ್ ಬೇರೆ ಎಂಬುದು ನೆನಪಿರಲಿ. ಗಡಿಯಲ್ಲಿ ತಪಾಸಣೆ ಇರಬಹುದು, ಮಕ್ಕಳದ್ದೂ ಸೇರಿ ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಜೊತೆಗಿರಲಿ. ಬೇಸಿಗೆಯಲ್ಲಿ ಹೋಗುವವರಿಗೆ ಇನ್ನೊಂದು ಆಯ್ಕೆ, ಹಾಕ್ಸ್‌ಬರ್ಗನ್ ಮತ್ತು ಬೋಕೆಲೊ ನಡುವೆ ಓಡುವ ಹಳೆಯ ಹಬೆ ರೈಲು. ಯಾವ ದಿನ ಓಡುತ್ತದೆ ಎಂದು ಮೊದಲೇ ನೋಡಿಕೊಳ್ಳಿ.

ಹೊರಡುವ ಮುನ್ನ, ಚುಟುಕಾಗಿ

- ಹೋಟೆಲು ನಿಲ್ದಾಣದ ಹತ್ತಿರವೇ ಇರಲಿ. ಮಧ್ಯಾಹ್ನ ಒಂದು ಗಂಟೆ ರೂಮಿಗೆ ಬಂದು ಮಲಗಿದರೆ ಸಂಜೆ ಉಳಿಯುತ್ತದೆ.
- ಕಾರಿನಲ್ಲಿ ಬರುವವರಿಗೆ ಸಂತೆ ಚೌಕದ ಕೆಳಗೇ ದೊಡ್ಡ ಪಾರ್ಕಿಂಗ್ ಇದೆ.
- ಸಸ್ಯಾಹಾರಿಗಳಿಗೆ ಸಂತೆ, ಟರ್ಕಿ ಬೇಕರಿಗಳು ಸಾಕು. ಔಡೆ ಮಾರ್ಕ್ಟ್ ಎಂಬ ಹಳೆಯ ಪೇಟೆ ಚೌಕದ ಸುತ್ತ ಹೋಟೆಲುಗಳಿವೆ. ಚಟ್ನಿಪುಡಿ ಡಬ್ಬಿ ಮಾತ್ರ ಮರೆಯಬೇಡಿ.
- ಕ್ರೆಂಟೆನ್‌ವೆಗ್ಗೆ ಎಂಬ ಒಣದ್ರಾಕ್ಷಿಯ ಬ್ರೆಡ್ ತನ್ನಿ. ಟ್ವೆಂಟೆಯಲ್ಲಿ ಮಗು ಹುಟ್ಟಿದ ಮನೆಗೆ ನೆರೆಹೊರೆಯವರು ಇದನ್ನು ಉದ್ದಕ್ಕೆ ಮಾಡಿಸಿ ಹೊತ್ತು ತರುವ ರೂಢಿ. ನಮ್ಮ ಬಾಣಂತಿ ಅಂಟಿನುಂಡೆಯ ಮಾತು ತೆಗೆಯಲು ಒಳ್ಳೆಯ ನೆಪ. ಮೊಟ್ಟೆ ತಿನ್ನದವರು ಕೇಳಿ ಕೊಳ್ಳಿ.
- ಒಂದು ಮಳೆ ಜಾಕೆಟ್, ಒಂದು ಖಾಲಿ ನೋಟ್‌ಬುಕ್, ಐದು ಪದಗಳ ಚೀಟಿ.

ಮತ್ತೆ ಭಾನುವಾರದ ಫೋನು

ವಾಪಸ್ ಬರುವಷ್ಟರಲ್ಲಿ ದಾವಣಗೆರೆಯಲ್ಲಿ ರಾತ್ರಿಯಾಗಿತ್ತು. ಮಾರನೆಯ ದಿನ ಶಾಲೆ ಮುಗಿಸಿ ಬಂದವಳೇ, ಚಪ್ಪಲಿಯನ್ನೂ ಬಿಡದೆ ಮಗಳು ಫೋನು ಕೇಳಿದಳು.

"ಊಟ ಆತೇನು ಪುಟ್ಟಿ?"

"ಆಯ್ತು ಅಜ್ಜಾ. ಅಜ್ಜಾ, ನಿನ್ನ ಮಿಲ್ಲಲ್ಲಿ ಲಾಳಿ ಇತ್ತಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಅಪ್ಪಾಜಿ ನಕ್ಕರು. "ಲಾಳಿ ಇಲ್ದೆ ಮಗ್ಗ ಓಡ್ತತೇನವ್ವ? ಲಾಳಿಯೊಳಗೆ ಕಂಡಿಕೆ ಇರ್ತತಿ, ಗೊತ್ತೇನು?" ಅಲ್ಲಿಂದ ಶುರುವಾಯಿತು. ಮಗ್ಗಗಳ ಸದ್ದಿನಲ್ಲಿ ಪಕ್ಕದವನ ಮಾತೂ ಕೇಳುತ್ತಿರಲಿಲ್ಲವಂತೆ, ಎಲ್ಲ ಕೈಸನ್ನೆಯಲ್ಲೇ. ಚಹಾ ಬೇಕು ಅನ್ನಲು ಒಂದು ಸನ್ನೆ, ಸಾಹೇಬ ಬಂದ ಅನ್ನಲು ಇನ್ನೊಂದು. ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದರೆ ತಲೆಯಲ್ಲೆಲ್ಲ ಹತ್ತಿ, ನಿಮ್ಮಮ್ಮ ಚಿಕ್ಕವಳಿದ್ದಾಗ ನನ್ನನ್ನು ಮುದುಕ ಅಂತ ನಗುತ್ತಿದ್ದಳು ಅಂತ ಅಂದರು. ಅದು ನನಗೆ ಮರೆತೇ ಹೋಗಿತ್ತು.

ಇಪ್ಪತ್ತು ನಿಮಿಷ ಫೋನು ನನ್ನ ಕೈಗೆ ಬರಲಿಲ್ಲ. ಆಮೇಲೆ ನೋಡಿದರೆ ಅವಳ ನೋಟ್‌ಬುಕ್ಕಿನಲ್ಲಿ ಐದು ಪದಗಳ ಕೆಳಗೆ ಆರನೆಯದೊಂದು ಸೇರಿತ್ತು. ಕಂಡಿಕೆ. ಸೊನ್ನೆ ಸರಿಯಾದ ಜಾಗದಲ್ಲೇ ಇತ್ತು.